ಎರಡನೇ ಕಂಟೇನರ್ ಹೊರಡುವುದೇ?

ಪ್ರಶ್ನೆ: ನಾವು ಸಕಲೇಶಪುರದ ಕಡೆಯ ಸಣ್ಣ ಕಾಫಿ ಬೆಳೆಗಾರರು. ನನ್ನ ಮಗ ಕೃಷಿ ಪದವಿ ಮುಗಿಸಿ ಪೂರ್ವ ಆಫ್ರಿಕಾಕ್ಕೆ ಹೋಗಿದ್ದ. ಸಣ್ಣ ರೈತರ ಸಂಘಗಳು ರಫ್ತು ಮಾಡುವ ಹಾಗೆ ತಯಾರು ಮಾಡುವ ಯೋಜನೆ, ದುಡ್ಡು ಅಮೆರಿಕದ್ದು. 2025ರಲ್ಲಿ ಆ ನೆರವು ನಿಂತುಹೋಗಿ ಕೆಲಸ ಕಳೆದುಕೊಂಡು ಊರಿಗೆ ಬಂದಿದ್ದಾನೆ. ಅಲ್ಲಿನವರಿಗೆ ಇದರಿಂದ ಏನಾದರೂ ಒಳ್ಳೆಯದಾಯಿತೇ ಎಂದು ಕೇಳಿದರೆ ಸುಮ್ಮನಾಗುತ್ತಾನೆ. ಹೊರಗಿನ ದುಡ್ಡಿನಿಂದ ಬಡ ದೇಶದ ಸಣ್ಣ ಉದ್ದಿಮೆ ನಿಜವಾಗಿ ಮೇಲೆ ಬರುತ್ತದೆಯೇ, ಅಥವಾ ಎಲ್ಲ ಜೀಪು, ಹೋಟೆಲು, ತರಬೇತಿ ಶಿಬಿರಗಳಿಗೇ ಮುಗಿಯುತ್ತದೆಯೇ? ಇನ್ನೊಂದು ವಿಷಯ: ನಮ್ಮೂರಿನ ಹದಿನೆಂಟು ಮಂದಿ ಸೇರಿ ನೇರ ರಫ್ತು ಮಾಡಬೇಕೆಂದಿದ್ದೇವೆ. ಒಂದು ವಿದೇಶಿ ಸಂಸ್ಥೆ ಸಹಾಯಕ್ಕೆ ಮುಂದೆ ಬಂದಿದೆ. ಒಪ್ಪಿಕೊಳ್ಳಬಹುದೇ?

ಉತ್ತರ: ನಿಮ್ಮ ಮಗ ಸುಮ್ಮನಾಗುವುದು ನನಗೆ ಅರ್ಥವಾಗುತ್ತದೆ. ಕೊಯ್ಲು ಅರ್ಧದಲ್ಲಿರುವಾಗ ತೋಟ ಬಿಟ್ಟು ಬಂದವನನ್ನು ಹಿಡಿದು ಈ ಸಲ ಫಸಲು ಎಷ್ಟಾಯಿತು ಎಂದು ಕೇಳಿದರೆ ಅವನು ತಾನೇ ಏನು ಹೇಳಿಯಾನು? 2025ರ ಜನವರಿ 20ರಂದು ಅಮೆರಿಕದ ಹೊಸ ಸರ್ಕಾರ ವಿದೇಶಿ ನೆರವನ್ನು 90 ದಿನ ತಡೆಹಿಡಿಯುವ ಆದೇಶ ಹೊರಡಿಸಿತು. ಜುಲೈ 1ರ ಹೊತ್ತಿಗೆ 1961ರಿಂದ ನಡೆದು ಬಂದಿದ್ದ, ಅಮೆರಿಕ ಸರ್ಕಾರದ ನೆರವು ಹಂಚುವ ಯುಎಸ್‌ಏಡ್ ಸಂಸ್ಥೆಯೇ ನೆರವಿನ ಕೆಲಸ ನಿಲ್ಲಿಸಿತು, ಅಳಿದುಳಿದದ್ದು ಅಲ್ಲಿನ ವಿದೇಶಾಂಗ ಇಲಾಖೆಯ ಪಾಲಾಯಿತು. ಸಂಘಗಳ ಜೊತೆ ಕೂತು ಲೆಕ್ಕ ಬರೆಸುತ್ತಿದ್ದವರು, ಮಾದರಿ ಕಳಿಸುತ್ತಿದ್ದವರು ವಾರಗಳಲ್ಲೇ ಮನೆಗೆ ಹೊರಟರು. ಕೆಲಸ ಮುಗಿಯಿತೋ ಕೆಟ್ಟಿತೋ ಎಂದು ನೋಡುವ ಅವಕಾಶ ಅವರಿಗೆ ಸಿಗಲಿಲ್ಲ.

ನಾನು ಮೂವತ್ತು ವರ್ಷ ಕಾಫಿಯ ರುಚಿ ನೋಡುವ, ಸಣ್ಣ ಬೆಳೆಗಾರರ ಮಾಲನ್ನು ರಫ್ತಿಗೆ ಜೋಡಿಸುವ ಕೆಲಸ ಮಾಡಿದವನು. ನೆರವಿನ ಯೋಜನೆಗಳನ್ನು ಅಳೆಯಲು ನನ್ನ ಹತ್ತಿರ ಇರುವುದು ಒಂದೇ ಅಳತೆ. ಮೊದಲ ಕಂಟೇನರನ್ನು ಯಾರು ಬೇಕಾದರೂ ಕಳಿಸಬಹುದು. ದುಡ್ಡಿದೆ, ತಜ್ಞರಿದ್ದಾರೆ, ಫೋಟೊ ತೆಗೆಯುವವರಿದ್ದಾರೆ, ಕೊಳ್ಳುವವನಿಗೂ ಕನಿಕರವಿದೆ. ಯೋಜನೆಯವರು ಗಂಟುಮೂಟೆ ಕಟ್ಟಿದ ಮೇಲೆ ಎರಡನೆಯದು ಹೊರಟಿತೇ, ಐದನೆಯದು ಹೊರಟಿತೇ ಎಂದು ನಾನು ಕೇಳುತ್ತೇನೆ. ಆ ದೃಷ್ಟಿಯಿಂದ ನಿಮ್ಮ ಪ್ರಶ್ನೆಗೆ ಉತ್ತರ ಹೇಳಲು ರುವಾಂಡಾಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಅದು ಕಾಫಿಯ ಕತೆಯಾದ್ದರಿಂದ ನಿಮಗೆ ಬಿಡಿಸಿ ಹೇಳುವ ಅಗತ್ಯವೂ ಕಡಿಮೆ.

ರುವಾಂಡಾ ಚಿಕ್ಕ ದೇಶ. ಸುತ್ತ ಬೇರೆ ದೇಶಗಳೇ, ಕಡಲಿಲ್ಲ. ಚಿಕ್ಕಮಗಳೂರಿನಿಂದ ಲಾರಿ ಹೊರಟರೆ ಘಾಟಿ ಇಳಿದು ಅದೇ ದಿನ ಮಂಗಳೂರು ಬಂದರು. ರುವಾಂಡಾದ ರಾಜಧಾನಿ ಕಿಗಾಲಿಯಿಂದ ಹೊರಟ ಚೀಲ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಗಡಿಗಳನ್ನು ದಾಟಿ ಮೊಂಬಾಸಾ ಅಥವಾ ದಾರ್ ಎಸ್ ಸಲಾಮ್ ಬಂದರು ಸೇರಬೇಕು. ಕಾಫಿ ಅಲ್ಲಿಗೆ ಬಂದದ್ದು ಸುಮಾರು 120 ವರ್ಷದ ಹಿಂದೆ, ಜರ್ಮನ್ ಆಳ್ವಿಕೆಯಲ್ಲಿ ಪಾದ್ರಿಗಳ ಕೈಯಿಂದ. ಆಮೇಲೆ ಬಂದ ಬೆಲ್ಜಿಯಂನವರು 1930ರ ದಶಕದಲ್ಲಿ ಅದನ್ನು ಕಡ್ಡಾಯ ಬೆಳೆ ಮಾಡಿದರು. ಸ್ವಾತಂತ್ರ್ಯ ಬಂದ ಮೇಲೂ ಕಾಫಿ ಗಿಡ ಕೀಳುವುದು ಅಪರಾಧವಾಗಿಯೇ ಉಳಿಯಿತು. ಬೆಳೆದದ್ದಕ್ಕೆ ಒಂದೇ ದರ: ಹಣ್ಣಾದದ್ದನ್ನೇ ಆರಿಸಿ ಕೊಯ್ದವನಿಗೂ, ಕಾಯಿ ಹಣ್ಣು ಒಟ್ಟಿಗೆ ಸುರಿದು ಕೊಯ್ದವನಿಗೂ. ಮನೆಯಂಗಳದಲ್ಲೇ ಸಿಪ್ಪೆ ಬಿಡಿಸಿ, ಸಿಕ್ಕ ಪಾತ್ರೆಯಲ್ಲಿ ನೆನೆಹಾಕಿ, ನೆಲದ ಮೇಲೆ ಒಣಗಿಸಿ ವ್ಯಾಪಾರಿಗೆ ಅಳೆದು ಕೊಡುವುದು. ನಮ್ಮ ಹಿರಿಯರಿಗೆ ಪೂಲ್ ಕಾಲ ನೆನಪಿರುತ್ತದೆ. ಬೆಳೆದ ಕಾಫಿಯನ್ನು ಸರ್ಕಾರದ ಕಾಫಿ ಬೋರ್ಡಿಗೆ ಒಪ್ಪಿಸಿ, ಕಂತು ಕಂತಾಗಿ ಬರುವ ಹಣಕ್ಕೆ ಕಾಯುತ್ತ ಕೂರುವುದು. ಅದನ್ನು ಕಂಡವರಿಗೆ, ತನ್ನ ಕಾಫಿಯ ಬೆಲೆ ತನ್ನ ಕೈಯಲ್ಲಿಲ್ಲ ಎಂದಾಗ ಬೆಳೆಗಾರನ ಮನಸ್ಸು ಹೇಗೆ ತೋಟದಿಂದ ದೂರವಾಗುತ್ತದೆ ಎಂದು ಗೊತ್ತು.

1989ರಲ್ಲಿ ಯಾವ ದೇಶ ಎಷ್ಟು ರಫ್ತು ಮಾಡಬೇಕೆಂದು ಕಟ್ಟುಹಾಕಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿತ್ತು, ಬೆಲೆ ಕುಸಿಯಿತು. 1994ರ ಏಪ್ರಿಲ್‌ನಿಂದ ಸುಮಾರು 100 ದಿನಗಳಲ್ಲಿ 8 ಲಕ್ಷದಷ್ಟು ಜನರನ್ನು, ಮುಖ್ಯವಾಗಿ ಟುಟ್ಸಿ ಸಮುದಾಯದವರನ್ನು, ನೆರೆಹೊರೆಯವರೂ ಸೇರಿ ಕೊಂದ ನರಮೇಧ ನಡೆಯಿತು. ತೋಟಗಳು ಹಾಳುಬಿದ್ದವು. ಗಂಡಂದಿರನ್ನು ಕಳೆದುಕೊಂಡವರು ಒಂದು ಕಡೆ, ಕೊಂದ ಆರೋಪದಲ್ಲಿ ಗಂಡಂದಿರು ಜೈಲು ಸೇರಿದವರು ಇನ್ನೊಂದು ಕಡೆ. ಊರು ಒಂದೇ, ಬಾವಿ ಒಂದೇ. ಅದರ ಮೇಲೆ 2001ರ ಹೊತ್ತಿಗೆ ಜಗತ್ತಿನ ಕಾಫಿ ಬೆಲೆ ಪೌಂಡಿಗೆ 50 ಸೆಂಟ್‌ಗಿಂತ ಕೆಳಗೆ ಇಳಿಯಿತು. ಆ ವರ್ಷಗಳಲ್ಲಿ ನಮ್ಮಲ್ಲೂ ಎಷ್ಟು ಮನೆಗಳು ಸಾಲದಲ್ಲಿ ಮುಳುಗಿದವು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಅಂಥ ಹೊತ್ತಿನಲ್ಲಿ, 2000ದಲ್ಲಿ, ಯುಎಸ್‌ಏಡ್ ಹಣದಿಂದ ಪರ್ಲ್ ಎಂಬ ಯೋಜನೆ ಶುರುವಾಯಿತು. ಮಿಷಿಗನ್ ಸ್ಟೇಟ್ ಮತ್ತು ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯಗಳು, ಬುಟಾರೆ ಪಟ್ಟಣದ ರುವಾಂಡಾ ರಾಷ್ಟ್ರೀಯ ವಿಶ್ವವಿದ್ಯಾಲಯದ ಜೊತೆ ಸೇರಿ ನಡೆಸಿದವು. ಟಿಮ್ ಶಿಲ್ಲಿಂಗ್ ಎಂಬ ಕೃಷಿ ವಿಜ್ಞಾನಿ ಅಲ್ಲೇ ಉಳಿದು ಮುನ್ನಡೆಸಿದರು. ಅವರು ಕೈ ಹಾಕಿದ್ದು ಮರಾಬಾ ಎಂಬ ಊರಿನ ಸಂಘಕ್ಕೆ. ಅಬಾಹುಜಮುಗಾಂಬಿ, ಅಂದರೆ ಒಂದೇ ಗುರಿಗಾಗಿ ಕೂಡಿ ದುಡಿಯುವವರು. ಸಂಘ ಯೋಜನೆಗಿಂತ ಹಳೆಯದು, 1999ರಲ್ಲೇ ಇನ್ನೂರು ಚಿಲ್ಲರೆ ಬೆಳೆಗಾರರು ಸೇರಿ ಕಟ್ಟಿಕೊಂಡದ್ದು. ನನಗೆ ಈ ಸಂಗತಿ ಬಹಳ ಮುಖ್ಯವಾಗಿ ಕಾಣುತ್ತದೆ. ನೆರವು ಬರುತ್ತದೆಂದು ಹುಟ್ಟಿದ ಸಂಘಗಳನ್ನೂ ನೋಡಿದ್ದೇನೆ, ಹಸಿವಿನಿಂದ ಹುಟ್ಟಿದ ಸಂಘಗಳನ್ನೂ ನೋಡಿದ್ದೇನೆ. ಮೊದಲನೆಯವುಗಳ ರಬ್ಬರ್ ಸ್ಟಾಂಪು ಮಾತ್ರ ಉಳಿದಿರುತ್ತದೆ.

ಮರಾಬಾದವರಿಗೆ ಗಿಡ ಇತ್ತು. ಬೂರ್ಬನ್ ಎಂಬ ಹಳೆಯ ಅರೇಬಿಕಾ ತಳಿ, ಎತ್ತರದ ಬೆಟ್ಟ, ತಂಪು ಹವೆ. ದೇವರು ಕೊಡಬೇಕಾದದ್ದನ್ನೆಲ್ಲ ಕೊಟ್ಟಿದ್ದ. ಇರಲಿಲ್ಲವಾದದ್ದು ಯಂತ್ರದಿಂದ ಹಣ್ಣಿನ ಸಿಪ್ಪೆ ಬಿಡಿಸಿ ಬೀಜ ತೊಳೆಯುವ ಪಲ್ಪಿಂಗ್ ಸ್ಟೇಷನ್, ಅವರ ಮಾತಿನಲ್ಲಿ ವಾಷಿಂಗ್ ಸ್ಟೇಷನ್. ನಮ್ಮಲ್ಲಿ ನಾಲ್ಕೈದು ಎಕರೆಯವನೂ ಒಂದು ಸಣ್ಣ ಪಲ್ಪರ್ ಇಟ್ಟುಕೊಳ್ಳುತ್ತಾನೆ. ಅಲ್ಲಿ ಒಬ್ಬೊಬ್ಬನಿಗೆ ಇರುವುದೇ ಕೆಲವು ನೂರು ಗಿಡ. ಇನ್ನೂರು ಗಿಡದವನು ಪಲ್ಪರ್, ತೊಟ್ಟಿ, ನೀರು, ಒಣಗಿಸುವ ಜಾಗ ಎಲ್ಲ ಎಲ್ಲಿಂದ ತಂದಾನು? ಆದರೆ ಇನ್ನೂರು ಮನೆಗೆ ಒಂದು ಸ್ಟೇಷನ್ ಆದೀತು. 2001ರಲ್ಲಿ ಸಿಯಾರುಂಬೊ ಎಂಬಲ್ಲಿ ಮೊದಲ ಸ್ಟೇಷನ್ ಎದ್ದಿತು.

ಆ ಕೆಲಸವನ್ನು ಹತ್ತಿರದಿಂದ ನೋಡಿದರೆ ನೆರವು ಎಲ್ಲಿ ಉಪಯೋಗಕ್ಕೆ ಬಂತು ಎಂದು ಗೊತ್ತಾಗುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೆ ಅಲ್ಲಿ ಕೊಯ್ಲು. ಬೆಳಿಗ್ಗೆ ಕೊಯ್ದ ಹಣ್ಣು ಅದೇ ಸಂಜೆ ಸ್ಟೇಷನ್ ಸೇರಬೇಕು, ರಾತ್ರಿ ಕಳೆದರೆ ಚೀಲದೊಳಗೇ ಬಿಸಿಯೇರಿ ಹುಳಿ ಹಿಡಿಯುತ್ತದೆ. ಸ್ಟೇಷನ್ ಬಾಗಿಲಲ್ಲಿ ಹಣ್ಣನ್ನು ಹರಡಿ ಕಾಯಿ, ಒಣಕಲು ಬೇರೆ ಮಾಡುತ್ತಾರೆ. ಆರಿಸಿದ್ದು ಮಾತ್ರ ತಕ್ಕಡಿಗೆ. ನೀರಿಗೆ ಹಾಕಿದಾಗ ತೇಲಿದ್ದನ್ನು ತೆಗೆದು, ರಾತ್ರಿಯೆಲ್ಲ ಪಲ್ಪರ್ ತಿರುಗಿ, ಲೋಳೆ ಬಿಡುವವರೆಗೆ ತೊಟ್ಟಿಯಲ್ಲಿಟ್ಟು, ಕಾಲುವೆಯಲ್ಲಿ ತೊಳೆದು, ನೆಲದಿಂದ ಎತ್ತರಿಸಿ ಬಲೆ ಹಾಸಿದ ಮಂಚಗಳ ಮೇಲೆ ಎರಡು ಮೂರು ವಾರ ಒಣಗಿಸುವುದು. ಹಸಿ ಪಾರ್ಚ್‌ಮೆಂಟನ್ನು, ಅಂದರೆ ತೆಳು ಹೊಟ್ಟಿನೊಳಗೇ ಇರುವ ಬೀಜವನ್ನು, ನೆರಳಲ್ಲಿ ಹರಡಿಕೊಂಡು ಹೆಂಗಸರು ಸಾಲಾಗಿ ಕೂತು ಕೆಟ್ಟ ಬೀಜ ಆರಿಸುತ್ತಾರೆ. ಎದುರುಬದುರು ಕೂತವರಲ್ಲಿ ವಿಧವೆಯೂ ಇರುತ್ತಿದ್ದಳು, ಜೈಲಿನಲ್ಲಿದ್ದವನ ಹೆಂಡತಿಯೂ ಇರುತ್ತಿದ್ದಳು. ಕಾಫಿಯಿಂದ ಮನಸ್ಸುಗಳು ಕೂಡಿಬಿಟ್ಟವು ಎಂದು ದೊಡ್ಡ ಮಾತು ಆಡುವ ಧೈರ್ಯ ನನಗಿಲ್ಲ. ಒಂದೇ ಮಂಚದ ಎರಡು ಬದಿಯಲ್ಲಿ ದಿನವಿಡೀ ಕೂತರು, ಒಂದೇ ಕಡೆ ಕೂಲಿ ಪಡೆದರು. ಅಷ್ಟನ್ನು ಹೇಳಬಲ್ಲೆ.

ಯಂತ್ರಕ್ಕಿಂತ ಹೆಚ್ಚಾಗಿ ನನ್ನ ಮನಸ್ಸಿಗೆ ಹಿಡಿಸಿದ್ದು ಇನ್ನೊಂದು ಕೆಲಸ. ರುವಾಂಡಾದ ಬೆಳೆಗಾರರಲ್ಲಿ ಹೆಚ್ಚಿನವರು ತಾವು ಬೆಳೆದ ಕಾಫಿಯನ್ನು ಕುಡಿದೇ ಇರಲಿಲ್ಲ, ಅಲ್ಲಿ ಜನ ಕುಡಿಯುವುದು ಚಹಾ. ಪರ್ಲ್ ಯೋಜನೆ ರುಚಿ ನೋಡುವ ಪ್ರಯೋಗಾಲಯ ಮಾಡಿ, ಸ್ಥಳೀಯ ಯುವಕ ಯುವತಿಯರಿಗೆ ಕಪ್ಪಿಂಗ್ ಕಲಿಸಿತು. ಬಟ್ಟಲಿಗೆ ಪುಡಿ ಹಾಕಿ, ಬಿಸಿನೀರು ಹೊಯ್ದು, ಚಮಚದಿಂದ ಸುರ್ರೆಂದು ಎಳೆದು, ಇದರಲ್ಲಿ ಕಿತ್ತಳೆಯ ಹುಳಿ ಇದೆ, ಇದರಲ್ಲಿ ಹುದುಗು ಹೆಚ್ಚಾಗಿದೆ, ಇದು ಮಳೆಯಲ್ಲಿ ನೆನೆದದ್ದು ಎಂದು ಹೇಳುವ ವಿದ್ಯೆ. ಇದು ಬಂದರೆ ಕೊಳ್ಳುವವನ ಮುಂದೆ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಅವನು ಈ ಲಾಟಿನಲ್ಲಿ ದೋಷವಿದೆ ಎಂದರೆ, ಹೌದೋ ಅಲ್ಲವೋ ನೀವೇ ಹೇಳಬಲ್ಲಿರಿ. ಒಮ್ಮೆ ನಮ್ಮ ಕಡೆಯ ಒಂದು ಸಣ್ಣ ಗುಂಪಿನ ಲಾಟನ್ನು ಬೂಷ್ಟು ವಾಸನೆ ಎಂದು ಹೊರಗಿನ ಖರೀದಿದಾರರು ತಿರಸ್ಕರಿಸಿದರು. ಗುಂಪಿನಲ್ಲಿ ಒಬ್ಬರಿಗೂ ರುಚಿ ನೋಡಲು ಬರುತ್ತಿರಲಿಲ್ಲ. ಇಪ್ಪತ್ತು ಚೀಲದಲ್ಲಿ ಕೆಟ್ಟದ್ದು ಮೂರೇ ಎಂದು ನಾನು ಹೇಳುವ ಹೊತ್ತಿಗೆ ಅವರು ಎಲ್ಲವನ್ನೂ ಅರ್ಧ ಬೆಲೆಗೆ ಕೊಟ್ಟಾಗಿತ್ತು. ಆ ಹಿರಿಯರ ಮುಖ ಇವತ್ತಿಗೂ ಕಣ್ಣಮುಂದಿದೆ.

2002ರಲ್ಲಿ ಅಮೆರಿಕದ ಲೂಸಿಯಾನಾದ ಕಮ್ಯುನಿಟಿ ಕಾಫಿ ಕಂಪನಿ ಮರಾಬಾದಿಂದ ಒಂದು ಕಂಟೇನರ್ ಕಾಫಿ ನೇರವಾಗಿ ಕೊಂಡಿತು. ನಾನು ಹೇಳಿದ ಮೊದಲ ಕಂಟೇನರ್ ಅದು. ಮುಂದಿನ ವರ್ಷ ಲಂಡನ್ನಿನ ಯೂನಿಯನ್ ಎಂಬ ಕಾಫಿ ಹುರಿಯುವ ಕಂಪನಿಯ ಮೂಲಕ ಮರಾಬಾ ಕಾಫಿ ಬ್ರಿಟನ್ನಿನ ಸೇನ್ಸ್‌ಬರೀಸ್ ಅಂಗಡಿಗಳಿಗೆ ಬಂತು. 2003ರಲ್ಲೇ ಫೇರ್‌ಟ್ರೇಡ್, ಅಂದರೆ ರೈತನಿಗೆ ನ್ಯಾಯವಾದ ಬೆಲೆ ಎಂಬ ಪ್ರಮಾಣಪತ್ರ. 2006ರಲ್ಲಿ ಪರ್ಲ್ ಮುಗಿದು ಸ್ಪ್ರೆಡ್ ಎಂಬ ಯೋಜನೆ ಅದರ ಕೆಲಸ ಮುಂದುವರಿಸಿತು. 2008ರಲ್ಲಿ ಅತ್ಯುತ್ತಮ ಕಾಫಿಯನ್ನು ರುಚಿ ನೋಡಿ ಆರಿಸುವ ಕಪ್ ಆಫ್ ಎಕ್ಸಲೆನ್ಸ್ ಸ್ಪರ್ಧೆ ನಡೆಯಿತು, ಆಫ್ರಿಕಾ ಖಂಡದಲ್ಲೇ ಮೊದಲು ರುವಾಂಡಾದಲ್ಲಿ. ಮರಾಬಾದಲ್ಲಿ ಶುರುವಾದದ್ದನ್ನು ಕಂಡು ಸರ್ಕಾರ, ಬ್ಯಾಂಕು, ಖಾಸಗಿಯವರು ಎಲ್ಲ ಸ್ಟೇಷನ್ ಕಟ್ಟಿದರು. ಒಂದೆರಡು ಇದ್ದದ್ದು ಹದಿನೈದು ವರ್ಷದಲ್ಲಿ 200 ದಾಟಿತು. ಯೋಜನೆ ಹೋದ ಮೇಲೂ ಕಾಫಿ ಹೋಗುತ್ತಲೇ ಇದೆ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ: ಹೌದು, ಬೆಳೆಯುತ್ತದೆ. ನಾನು ನಂಬುತ್ತೇನೆ ಎಂದಲ್ಲ, ಚೀಲ ಎಣಿಸಿ ಹೇಳುತ್ತಿದ್ದೇನೆ.

ಒಂದು ಚಿಕ್ಕ ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅಲ್ಲಿ ರೈತರು ಮರದ ಸೈಕಲ್ ಮಾಡಿಕೊಂಡು, ಚಕ್ರವೂ ಮರದ್ದೇ, ಅದರ ಮೇಲೆ ಹಣ್ಣಿನ ಚೀಲ ಹೇರಿ ಇಳಿಜಾರಿನಲ್ಲಿ ತರುತ್ತಿದ್ದರು. ಮೌಂಟನ್ ಬೈಕ್ ಹುಟ್ಟುಹಾಕಿದವರಲ್ಲಿ ಒಬ್ಬರಾದ ಟಾಮ್ ರಿಚಿ 2005ರ ಕೊನೆಗೆ ಅಲ್ಲಿಗೆ ಹೋಗಿ ಅದನ್ನು ಕಂಡು, ಹಿಂದೆ ಉದ್ದನೆಯ ಹೊರೆಗಟ್ಟು ಇರುವ ಸರಕಿನ ಸೈಕಲ್ ರೂಪಿಸಿದರು. ಹಣ್ಣು ಒಂದೆರಡು ಗಂಟೆ ಬೇಗ ತಲುಪಿದರೆ ರುಚಿ ಉಳಿಯುತ್ತದೆ, ದರ ಉಳಿಯುತ್ತದೆ. ತಲೆಹೊರೆಯಲ್ಲಿ ಹಣ್ಣು ತಂದು ಗೊತ್ತಿರುವವರಿಗೆ ಇದರ ಬೆಲೆ ಗೊತ್ತು.

ಇನ್ನು ಸೋತದ್ದನ್ನೂ ಹೇಳಬೇಕು. ಹೇಳದಿದ್ದರೆ ನಿಮ್ಮ ಮಗನಿಗೆ ಅನ್ಯಾಯ ಮಾಡಿದ ಹಾಗೆ, ಏಕೆಂದರೆ ಅವನು ಬಹುಶಃ ಇದನ್ನೇ ದಿನವೂ ಕಂಡಿರುತ್ತಾನೆ.

ಲೆಕ್ಕ ಹಾಕೋಣ. 20 ಅಡಿಯ ಕಂಟೇನರಿಗೆ 60 ಕೆಜಿಯ ಸುಮಾರು 320 ಚೀಲ, ಅಂದರೆ 19 ಟನ್ ಕ್ಲೀನ್ ಕಾಫಿ, ಸಿಪ್ಪೆ ಹೊಟ್ಟು ಎಲ್ಲ ತೆಗೆದ ಬೀಜ. ಒಂದು ಕೆಜಿ ಕ್ಲೀನ್ ಕಾಫಿಗೆ ಆರೇಳು ಕೆಜಿ ಹಣ್ಣು ಬೇಕು. ಒಂದು ಕಂಟೇನರಿಗೆ ಸುಮಾರು 1.2 ಲಕ್ಷ ಕೆಜಿ ಹಣ್ಣು. ಮಾತಿಗೆ ಕೆಜಿಗೆ 30 ರೂಪಾಯಿ ಎಂದಿಟ್ಟುಕೊಂಡರೂ 36 ಲಕ್ಷ ರೂಪಾಯಿ. ಇನ್ನೂರು ಮುನ್ನೂರು ಬಡ ಮನೆಗಳಿಗೆ ಅದನ್ನು ಆಯಾ ಸಂಜೆಯೇ ನಗದಾಗಿ ಕೊಡಬೇಕು. ಒಣಗಿಸಿ, ಹೊಟ್ಟು ತೆಗೆಸಿ, ಮಾದರಿ ಕಳಿಸಿ, ಹಡಗು ಹತ್ತಿಸಿ ಖರೀದಿದಾರನ ಹಣ ಕೈಸೇರುವುದು ನಾಲ್ಕೈದು ತಿಂಗಳ ಮೇಲೆ. ಆ ನಡುವಿನ ಹಣ ಯಾರದು? ನೆರವಿನ ಯೋಜನೆಗಳು ಕಟ್ಟಡಕ್ಕೆ ದುಡ್ಡು ಕೊಡಲು ಸದಾ ಸಿದ್ಧ. ಕಟ್ಟಡಕ್ಕೆ ರಿಬ್ಬನ್ ಕಟ್ಟಬಹುದು, ಬೋರ್ಡು ಹಾಕಬಹುದು. ಹಣ್ಣು ಕೊಳ್ಳುವ ದುಡ್ಡು ಕೊಡಲು ಹಿಂಜರಿಕೆ, ಏಕೆಂದರೆ ಅದು ತಿರುಗುವ ದುಡ್ಡು, ಕಣ್ಣಿಗೆ ಕಾಣುವುದಿಲ್ಲ. ರುವಾಂಡಾದ ಎಷ್ಟೋ ಸ್ಟೇಷನ್‌ಗಳು ಅರ್ಧ ಸಾಮರ್ಥ್ಯಕ್ಕೆ ಓಡಿದ್ದು ಯಂತ್ರವಿಲ್ಲದೆ ಅಲ್ಲ, ಬಾಗಿಲಿಗೆ ಬಂದ ಹಣ್ಣಿಗೆ ಕೊಡಲು ನಗದಿಲ್ಲದೆ. ಸಂಘದವರು ನಾಳೆ ಬಾ ಎಂದರೆ, ದಾರಿಯಲ್ಲೇ ವ್ಯಾಪಾರಿ ಇವತ್ತೇ ತಗೋ ಎನ್ನುತ್ತಾನೆ. ಮಗುವಿನ ಔಷಧಿಗೆ ದುಡ್ಡು ಬೇಕಾದವಳು ಯಾರ ಕೈಗೆ ಹಣ್ಣು ಕೊಡುತ್ತಾಳೆ? ಅವಳನ್ನು ನಾನು ದೂರಲಾರೆ.

ಇನ್ನೊಂದು ತೊಡಕು ನನಗೇ ಮೊದಲು ಅರ್ಥವಾಗಿರಲಿಲ್ಲ. ಸ್ಟೇಷನ್ ಹೆಚ್ಚಾದಷ್ಟೂ ಪೈಪೋಟಿ ಹೆಚ್ಚಿ ರೈತನಿಗೆ ಲಾಭ ಎಂದೇ ಎಲ್ಲರೂ ತಿಳಿದಿದ್ದೆವು. ಅರ್ಥಶಾಸ್ತ್ರಜ್ಞರು ಅಲ್ಲಿನ ಸ್ಟೇಷನ್‌ಗಳನ್ನೇ ಅಭ್ಯಾಸ ಮಾಡಿ ಬೇರೆಯದನ್ನೇ ಕಂಡರು. ಹತ್ತಿರ ಹತ್ತಿರ ಸ್ಟೇಷನ್ ಎದ್ದ ಕಡೆ ಸ್ಟೇಷನ್‌ಗೂ ರೈತನಿಗೂ ಇದ್ದ ಕೊಡುಕೊಳ್ಳುವಿಕೆಯ ನಂಬಿಕೆ ಮುರಿಯಿತು. ಮೊದಲು ಸ್ಟೇಷನ್‌ನವರು ಕೊಯ್ಲಿಗೆ ಮುಂಚೆ ಸಾಲ ಕೊಡುತ್ತಿದ್ದರು, ರಫ್ತಾದ ಮೇಲೆ ಎರಡನೇ ಕಂತು ಕೊಡುತ್ತಿದ್ದರು, ರೈತ ಅದನ್ನು ನೆಚ್ಚಿ ಹಣ್ಣು ತರುತ್ತಿದ್ದ. ಪಕ್ಕದಲ್ಲಿ ಇನ್ನೊಂದು ಬಂದ ಮೇಲೆ ಸಾಲ ಪಡೆದವನು ಅಲ್ಲಿಗೆ ಹಣ್ಣು ಒಯ್ಯಬಹುದು ಎಂಬ ಭಯದಿಂದ ಇವರು ಸಾಲ ನಿಲ್ಲಿಸಿದರು, ಎರಡನೇ ಕಂತು ಬರುತ್ತದೆಂಬ ಭರವಸೆ ಹೋಗಿ ಅವನೂ ಬಿಟ್ಟ. ಕೊನೆಗೆ ರೈತನಿಗೇ ನಷ್ಟ. 2016ರಲ್ಲಿ ಸರ್ಕಾರ ಇಂಥ ಊರಿನ ಹಣ್ಣು ಇಂಥ ಸ್ಟೇಷನ್‌ಗೇ ಎಂದು ಗಡಿ ಹಾಕಿತು. ಅದರಿಂದ ಇನ್ನೊಂದು ಬಗೆಯ ದೂರುಗಳು ಬಂದು ಮುಂದೆ ಆ ಗಡಿಯನ್ನೂ ಕೈಬಿಟ್ಟಿತು. ನೆರವಿನಿಂದ ಸ್ಟೇಷನ್ ಕಟ್ಟಿಸಿ ಹೋದವರಲ್ಲಿ ಹೆಚ್ಚಿನವರು ಈ ಜಗಳದ ಹೊತ್ತಿನಲ್ಲಿ ಅಲ್ಲಿರಲಿಲ್ಲ.

ರುಚಿಯಲ್ಲೂ ಒಂದು ಶಾಪ ಇದೆ. ರುವಾಂಡಾ, ಬುರುಂಡಿ ಕಡೆಯ ಒಳ್ಳೆಯ ಕಾಫಿಯಲ್ಲಿ ಒಮ್ಮೊಮ್ಮೆ ಒಂದು ಬಟ್ಟಲು ಮಾತ್ರ ಹಸಿ ಆಲೂಗಡ್ಡೆ ಸಿಪ್ಪೆ ಸುಲಿದ ವಾಸನೆ ಹೊಡೆಯುತ್ತದೆ. ಐದು ಬಟ್ಟಲು ಇಟ್ಟರೆ ನಾಲ್ಕು ಅಮೃತ, ಐದನೆಯದರ ಹತ್ತಿರ ಮೂಗು ಒಯ್ಯಲಾಗುವುದಿಲ್ಲ. ಹಣ್ಣು ಚುಚ್ಚುವ ಆಂಟೆಸ್ಟಿಯಾ ಎಂಬ ತಿಗಣೆಯಂಥ ಕೀಟಕ್ಕೂ ಇದಕ್ಕೂ ನಂಟಿದೆ ಎಂದು ಸಂಶೋಧಕರು ತೋರಿಸಿದ್ದಾರೆ. ಒಂದು ಬೀಜ ಸಾಕು, ಒಂದು ಬಟ್ಟಲು ಹಾಳು. ಇದನ್ನು ಒಬ್ಬ ರೈತ ತನ್ನ ತೋಟದಲ್ಲಿ ಕೂತು ಬಿಡಿಸಲು ಸಾಧ್ಯವೇ? ಕೀಟಶಾಸ್ತ್ರಜ್ಞ ಬೇಕು, ರಸಾಯನಶಾಸ್ತ್ರಜ್ಞ ಬೇಕು, ವರ್ಷಗಟ್ಟಲೆ ಪ್ರಯೋಗ ಬೇಕು. ಹೊರಗಿನ ದುಡ್ಡಿಗೆ ಇದಕ್ಕಿಂತ ಯೋಗ್ಯವಾದ ಕೆಲಸ ನನಗೆ ಕಾಣುವುದಿಲ್ಲ. ಒಬ್ಬೊಬ್ಬರಿಂದ ಆಗದ್ದು, ಆದರೆ ಎಲ್ಲರಿಗೂ ಒದಗುವಂಥದ್ದು.

ಕಾಫಿಯಾಚೆಗೂ ಇದೇ ಕಾಣುತ್ತದೆಯೇ ಎಂದು ನೀವು ಕೇಳಬಹುದು. ಎರಡೇ ಉದಾಹರಣೆ ಕೊಡುತ್ತೇನೆ. ಈಜಿಪ್ಟಿನಲ್ಲಿ ಫುವ್ವಾ ಎಂಬ ಪಟ್ಟಣದಲ್ಲಿ ಮನೆಮನೆಯಲ್ಲಿ ಜಮಖಾನದಂಥ ನೆಲಹಾಸು ನೇಯುವ ಸಣ್ಣ ನೇಕಾರರಿದ್ದಾರೆ. ಏಡ್ ಟು ಆರ್ಟಿಸನ್ಸ್ ಎಂಬ ಅಮೆರಿಕದ ಸಂಸ್ಥೆ ಒಬ್ಬ ಸ್ಥಳೀಯ ವ್ಯಾಪಾರಿಯ ಮೂಲಕ ಶ್ರೀಮಂತ ದೇಶಗಳ ಖರೀದಿದಾರರನ್ನು ಹುಡುಕಿತು. ಬಂದ ಆರ್ಡರುಗಳನ್ನು ಯಾವ ನೇಕಾರರಿಗೆ ಕೊಡುವುದೆಂದು ಚೀಟಿ ಎತ್ತಿದ ಹಾಗೆ ಆರಿಸಿದರು. ಹಾಗಾಗಿ ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿ ನೋಡಲು ಬಂತು. ರಫ್ತಿನ ಆರ್ಡರು ಸಿಕ್ಕವರ ಲಾಭ ಇತರರಿಗಿಂತ 16ರಿಂದ 26 ಶೇಕಡಾದಷ್ಟು ಹೆಚ್ಚಾಯಿತು. ಅದಕ್ಕಿಂತ ದೊಡ್ಡ ಸಂಗತಿ, ಅವರ ಕೈಯೇ ಬದಲಾಯಿತು. ಅಂಚು ನೇರವಾಯಿತು, ಬಿಗಿ ಒಂದೇ ಸಮ ಬಂತು. ಆಮೇಲೆ ಊರಿನ ಮಾಮೂಲಿ ನೆಲಹಾಸು ನೇಯಿಸಿ ನೋಡಿದಾಗಲೂ ಅವರದ್ದೇ ಮೇಲಾಗಿತ್ತು. ಕಟ್ಟುನಿಟ್ಟಿನ ಗಿರಾಕಿ ಕಲಿಸುವಷ್ಟು ಯಾವ ಶಿಬಿರವೂ ಕಲಿಸುವುದಿಲ್ಲ.

ಟ್ಯುನಿಸಿಯಾದಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಫಾಮೆಕ್ಸ್ ಎಂಬ ಯೋಜನೆ ನಡೆಯಿತು. ಕಂಪನಿಗಳು ರಫ್ತು ಮಾರುಕಟ್ಟೆ ಹುಡುಕಲು ಮಾಡುವ ಖರ್ಚಿನಲ್ಲಿ ಅರ್ಧ ಭರಿಸುವುದು. ಮೊದಮೊದಲು ಅವರ ರಫ್ತು ಇತರರಿಗಿಂತ ಚುರುಕಾಗಿ ಏರಿತು. ಮೂರು ವರ್ಷ ಕಳೆದು ನೋಡಿದರೆ ನೆರವು ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸವೇ ಇರಲಿಲ್ಲ. ಮೇಳಕ್ಕೆ ಹೋಗಿ ಬರಲು ವಿಮಾನದ ಖರ್ಚು ಕೊಟ್ಟರೆ ಮೇಳ ಮುಗಿಯುತ್ತದೆ. ಮಾಲು ಮೊದಲಿನದೇ ಆಗಿದ್ದರೆ ಗಿರಾಕಿ ಎಷ್ಟು ದಿನ ನಿಂತಾನು?

ನಮ್ಮ ರಾಜ್ಯವೂ ಇಂಥ ನೆರವು ಉಂಡಿದೆ ಎಂದು ಬಹಳ ಜನಕ್ಕೆ ನೆನಪಿಲ್ಲ. 1991ರಲ್ಲಿ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯ ಜೊತೆ ಕೂಡಿ ದ್ವಿತಳಿ ರೇಷ್ಮೆಯ, ಅಂದರೆ ಒಳ್ಳೆಯ ಬಿಳಿ ನೂಲು ಕೊಡುವ ಹುಳುವಿನ, ಕೆಲಸ ಆರಂಭಿಸಿತು. ಹಂತ ಹಂತವಾಗಿ 2007ರವರೆಗೆ ನಡೆಯಿತು. ಸಿಎಸ್‌ಆರ್ 2, ಸಿಎಸ್‌ಆರ್ 4 ತಳಿಗಳು ಅದರಿಂದ ಬಂದವು. ಇವತ್ತು ರಾಮನಗರದ ಗೂಡು ಮಾರುಕಟ್ಟೆಯಲ್ಲಿ ಬಿಳಿ ಗೂಡಿನ ಲಾಟು ನೋಡಿದಾಗ ರೈತರು ಸಿಎಸ್‌ಆರ್ ಗೂಡು ಎನ್ನುವುದನ್ನು ಕೇಳುತ್ತೀರಿ. ಹುಳುಮನೆ ಬೇರೆ ಕಟ್ಟಬೇಕು, ಸೋಂಕು ತೊಳೆಯಬೇಕು, ರೆಂಬೆ ಸಮೇತ ಸೊಪ್ಪು ಕೊಡಬೇಕು, ಚಾಕಿ ಹುಳುವನ್ನು, ಅಂದರೆ ಎಳೆಯ ಮರಿಹುಳುವನ್ನು, ಕೇಂದ್ರದಲ್ಲೇ ಸಾಕಿ ರೈತನಿಗೆ ಕೊಡಬೇಕು, ಇವೆಲ್ಲ ಆ ವರ್ಷಗಳಲ್ಲಿ ಹಳ್ಳಿಗಳಿಗೆ ಇಳಿದ ಪಾಠ. ಹದಿನಾರು ವರ್ಷ. ಮೂರು ವರ್ಷದ ಯೋಜನೆಯಲ್ಲಿ ಒಂದು ತಳಿ ಬಾರದು, ಒಂದು ಅಭ್ಯಾಸವೂ ಬಾರದು.

ಜೀಪು, ಹೋಟೆಲಿನ ಮಾತು ಸುಳ್ಳಲ್ಲ. ಯುಎಸ್‌ಏಡ್ ತನ್ನದೇ ವರದಿಗಳಲ್ಲಿ ಒಪ್ಪಿಕೊಂಡಿದ್ದಂತೆ ಅದರ ಹಣದಲ್ಲಿ ಸ್ಥಳೀಯ ಸಂಸ್ಥೆಗಳ ಕೈಗೆ ನೇರವಾಗಿ ಹೋಗುತ್ತಿದ್ದುದು ಹತ್ತರಲ್ಲಿ ಒಂದು ಪಾಲು. ಅದನ್ನು 25 ಶೇಕಡಾಕ್ಕೆ ಏರಿಸುವ ಗುರಿ ಇತ್ತು, ಮುಟ್ಟುವ ಮೊದಲೇ ಸಂಸ್ಥೆ ಮುಚ್ಚಿತು. ಉಳಿದದ್ದು ದೊಡ್ಡ ಗುತ್ತಿಗೆದಾರರ, ವಿದೇಶಿ ಸಂಸ್ಥೆಗಳ ಮೂಲಕ ಸುತ್ತಿ ಬರುತ್ತಿತ್ತು. ನನಗೆ ಇದು ನೋವಿನ ಸಂಗತಿ. ಆದರೆ ಬುಟಾರೆಯಲ್ಲಿ ಕಪ್ಪಿಂಗ್ ಕಲಿತ ಹುಡುಗಿಗೆ ಹೋದ ಖರ್ಚೂ ಇದೇ ಖಾತೆಯಲ್ಲಿದೆ. ದುಂದು ನಡೆಯಿತೆಂದು ಅವಳ ಚಮಚವನ್ನೂ ಕಿತ್ತುಕೊಳ್ಳುವುದು ನ್ಯಾಯವಲ್ಲ.

ಈಗ ನಿಮ್ಮ ಹದಿನೆಂಟು ಮಂದಿಯ ವಿಷಯ. ಒಪ್ಪಿಕೊಳ್ಳಿ, ಆದರೆ ಏನು ಕೇಳಬೇಕೆಂದು ಮೊದಲು ನಿಮ್ಮನಿಮ್ಮಲ್ಲೇ ಗಟ್ಟಿ ಮಾಡಿಕೊಳ್ಳಿ. ಅವರು ಗೋಡೌನ್ ಕಟ್ಟಿಸುತ್ತೇವೆ ಎಂದರೆ, ಗೋಡೌನ್ ಬಾಡಿಗೆಗೆ ಸಿಗುತ್ತದೆ, ಹೊಟ್ಟು ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್ ಹಾಸನದಲ್ಲೂ ಇವೆ ಚಿಕ್ಕಮಗಳೂರಿನಲ್ಲೂ ಇವೆ ಎನ್ನಿ. ರುವಾಂಡಾದವರಿಗೆ ಇರಲಿಲ್ಲವಾದ್ದರಿಂದ ಅವರಿಗೆ ಸ್ಟೇಷನ್ ಬೇಕಿತ್ತು, ನಿಮಗೆ ಬೇಕಾದದ್ದು ಬೇರೆ. ನಿಮ್ಮಲ್ಲಿ ಇಬ್ಬರಿಗೆ ಸರಿಯಾಗಿ ರುಚಿ ನೋಡಲು ಕಲಿಸಿ ಎಂದು ಕೇಳಿ. ಹದಿನೆಂಟು ಕಣದಲ್ಲಿ ಹದಿನೆಂಟು ಬಗೆಯಲ್ಲಿ ಒಣಗಿದ ಪಾರ್ಚ್‌ಮೆಂಟನ್ನು ಒಂದೇ ಲಾಟಿಗೆ ಸುರಿದರೆ ಅದು ಹದಿನೆಂಟರಲ್ಲಿ ಅತಿ ಕೆಟ್ಟದ್ದರ ರುಚಿಗೆ ಇಳಿಯುತ್ತದೆ. ಆದ್ದರಿಂದ ತೇವಾಂಶ ಅಳೆಯುವ ಯಂತ್ರ, ಒಂದೇ ಕ್ರಮ, ಕ್ರಮ ತಪ್ಪಿದವರ ಚೀಲವನ್ನು ಮುಲಾಜಿಲ್ಲದೆ ಬೇರೆ ಇಡುವ ಒಪ್ಪಂದ ಬೇಕು. ಈ ಕೊನೆಯದು ಯಾವ ವಿದೇಶಿಯರೂ ಕೊಡಲಾರದ್ದು. ಸ್ವಂತ ಭಾವಮೈದುನನ ಚೀಲವನ್ನು ಬದಿಗಿಡುವ ಧೈರ್ಯ ನಿಮ್ಮ ಗುಂಪಿಗಿದೆಯೇ ಎಂದು ಮೊದಲು ನೋಡಿಕೊಳ್ಳಿ.

ದುಡ್ಡಿನ ಮಾತು ಬಂದಾಗ, ಮಾಲು ಕ್ಯೂರಿಂಗ್‌ಗೆ ಹೋದ ದಿನ ಬೆಳೆಗಾರನಿಗೆ ಮುಂಗಡ ಯಾರು ಕೊಡುತ್ತಾರೆ ಎಂದು ನೇರವಾಗಿ ಕೇಳಿ. ಸಹಿಯಾದ ಖರೀದಿ ಕರಾರಿನ ಮೇಲೆ ಸಾಲ ಕೊಡುವ ವ್ಯವಸ್ಥೆ ಮಾಡಿಸಿಕೊಡಿ ಎನ್ನಿ. ಖರೀದಿದಾರನ ಹೆಸರು, ವಿಳಾಸ, ಪತ್ರವ್ಯವಹಾರ ಎಲ್ಲ ನಿಮ್ಮ ಸಂಘದ ಹೆಸರಿನಲ್ಲೇ ಇರಲಿ. ಯೋಜನೆಯವರ ಮಿಂಚಂಚೆಯಲ್ಲಿ ಉಳಿದ ಗಿರಾಕಿ ಅವರ ಜೊತೆಯೇ ವಿಮಾನ ಹತ್ತುತ್ತಾನೆ. ಕಾಫಿ ಬೋರ್ಡಿನ ರಫ್ತುದಾರ ನೋಂದಣಿ, ರಫ್ತು ಪರವಾನಗಿ, ಮೂಲಸ್ಥಾನದ ಪ್ರಮಾಣಪತ್ರ, ಇವನ್ನೂ ನಿಮ್ಮವರೇ ಓಡಾಡಿ ಮಾಡಿ ಕಲಿಯಲಿ. ಮೊದಲ ವರ್ಷವೇ ಕಂಟೇನರ್ ತುಂಬುವ ಹಟ ಬೇಡ. ಇಪ್ಪತ್ತು ಮೂವತ್ತು ಚೀಲದ ಒಳ್ಳೆಯ ಲಾಟನ್ನು ಬೇರೆ ರಫ್ತುದಾರರ ಕಂಟೇನರಿನಲ್ಲಿ ಜಾಗ ಪಡೆದು ಕಳಿಸಿ, ಏನು ಹೇಳುತ್ತಾರೋ ಕೇಳಿ.

ಇನ್ನೊಂದು ಕೆಲಸ ತಲೆಯ ಮೇಲೇ ಇದೆ. ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ಕಾನೂನು ಕಾಫಿಗೂ ಅನ್ವಯಿಸುತ್ತದೆ. ಜಾರಿಯ ದಿನ ಮುಂದೆ ಮುಂದೆ ಹೋಗುತ್ತಿದ್ದರೂ ಬರುವುದು ಖಂಡಿತ ಎಂದೇ ತಿಳಿದು ಸಿದ್ಧರಾಗುವುದು ಕ್ಷೇಮ. ಕಾಫಿ ಬೆಳೆದ ಪ್ರತಿ ತೋಟದ ಅಕ್ಷಾಂಶ ರೇಖಾಂಶ ಕೊಡಬೇಕು. 4 ಹೆಕ್ಟೇರಿಗಿಂತ ದೊಡ್ಡದಿದ್ದರೆ ಸುತ್ತಿನ ಗಡಿ ಪೂರ್ತಿ ಗುರುತಿಸಬೇಕು. ಬೋರ್ಡು ಬೆಳೆಗಾರರನ್ನು ನೋಂದಾಯಿಸಿಕೊಳ್ಳುತ್ತಿದೆ. ಪಹಣಿ ಅಜ್ಜನ ಹೆಸರಿನಲ್ಲಿ, ತೋಟ ಮೂವರು ಅಣ್ಣತಮ್ಮಂದಿರ ಪಾಲಿನಲ್ಲಿ ಇರುವ ಮನೆಗಳಿಗೆ ಇದು ಸಣ್ಣ ತಲೆನೋವಲ್ಲ. ರುವಾಂಡಾದ ಇನ್ನೂರು ಗಿಡದವನಿಗೆ ಇನ್ನೂ ಕಷ್ಟ. ನಿಮಗೆ ಸಹಾಯ ಮಾಡಲು ಬಂದ ಸಂಸ್ಥೆ ಹದಿನೆಂಟು ತೋಟಗಳ ಗುರುತು ಮತ್ತು ಕಾಗದ ಪೂರ್ತಿ ಮಾಡಿಸಿಕೊಟ್ಟರೆ, ಗೋಡೌನಿಗಿಂತ ಹತ್ತು ಪಾಲು ಹೆಚ್ಚಿನ ಉಪಕಾರ.

ನಿಮ್ಮ ಮಗನ ಬಗ್ಗೆ. ಸಂಘ ಜೋಡಿಸುವುದು, ಲಾಟ್ ಬೇರ್ಪಡಿಸುವುದು, ಖರೀದಿದಾರನಿಗೆ ಕಾಗದ ಬರೆಯುವುದು, ಮೇಲೆ ಹೇಳಿದ ಬಹುಪಾಲು ಕೆಲಸ ಅವನಿಗೆ ಬರುತ್ತದೆ. ಬೇರೆ ದೇಶದ ದುಡ್ಡಿನಲ್ಲಿ, ಬೇರೆ ದೇಶದ ರೈತರ ನಡುವೆ ಕಲಿತದ್ದು. ಅಲ್ಲಿ ಅವನು ಬಿಟ್ಟು ಬಂದ ಸಂಘದ ಯಾರದ್ದಾದರೂ ಫೋನ್ ನಂಬರು ಅವನ ಹತ್ತಿರ ಇದ್ದೇ ಇರುತ್ತದೆ. ಈ ಸಲದ ಕೊಯ್ಲು ಹೇಗಾಯಿತು, ಮಾಲು ಯಾರಿಗೆ ಕೊಟ್ಟಿರಿ ಎಂದು ಒಮ್ಮೆ ಕೇಳಲು ಹೇಳಿ. ಅವರು ಕೊಡುವ ಉತ್ತರ ನನಗೂ ಬೇಕು, ದಯವಿಟ್ಟು ಬರೆದು ತಿಳಿಸಿ. ನಿಮ್ಮ ಗುಂಪಿನ ಮೊದಲ ಮಾದರಿ ತಯಾರಾದಾಗ ಕಾಲು ಕೆಜಿ ಕ್ಲೀನ್ ಕಾಫಿ ಕಳಿಸಿದರೆ, ರುಚಿ ನೋಡಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.